ಬ್ಯಾಂಕ್ ವಿಲೀನದಲ್ಲಿ ದ್ವೈತಾದ್ವೈತ ವಿಚಾರ

ಸಂಸ್ಥೆ ಬದಲಾದಾಗ ನೌಕರನ ಮನಸ್ಸನ್ನು ಸಂತೈಸುವುದು ಹೇಗೆಂದು ನಿರ್ವಹಣಾಶಾಸ್ತ್ರಜ್ಞರು ಅಮೆರಿಕದ ಪುಸ್ತಕಗಳಲ್ಲಿ ಹುಡುಕುತ್ತಾರೆ. ಉತ್ತರ ಉಡುಪಿಯಲ್ಲಿದೆ ಎಂಬುದು ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. 1906ರಲ್ಲಿ ಕಾರ್ಪೊರೇಷನ್ ಬ್ಯಾಂಕು, 1925ರಲ್ಲಿ ಸಿಂಡಿಕೇಟ್ ಬ್ಯಾಂಕು ಹುಟ್ಟಿದ್ದು ಮಧ್ವಾಚಾರ್ಯರ ಆ ಊರಿನಲ್ಲೇ. 2020ರ ಏಪ್ರಿಲ್ 1ರಂದು ಮೊದಲನೆಯದು ಮುಂಬೈಯ ಯೂನಿಯನ್ ಬ್ಯಾಂಕಿನಲ್ಲಿ, ಎರಡನೆಯದು ಬೆಂಗಳೂರಿನ ಕೆನರಾ ಬ್ಯಾಂಕಿನಲ್ಲಿ ಐಕ್ಯವಾದವು. ಹೀಗೆ ದ್ವೈತಕ್ಷೇತ್ರದಲ್ಲಿ ಜನಿಸಿದ ಎರಡು ಸಂಸ್ಥೆಗಳಿಗೆ ಒಂದೇ ದಿನ ಅದ್ವೈತದ ಮುಕ್ತಿ ದೊರಕಿತು. ದೇಶವೆಲ್ಲ ಲಾಕ್‌ಡೌನಿನಲ್ಲಿದ್ದುದರಿಂದ ಮೆರವಣಿಗೆ ನಡೆಯಲಿಲ್ಲ.

ಯಾವ ವಿಲೀನದ ಸುತ್ತೋಲೆಯನ್ನು ತೆಗೆದುಕೊಂಡರೂ ಅದರ ಸಾರ ಒಂದೇ: ಇನ್ನು ನಾವೆಲ್ಲ ಒಂದೇ ಕುಟುಂಬ, ಭೇದವೆಂಬುದು ಭ್ರಮೆ. ನೌಕರನ ಪ್ರತ್ಯಕ್ಷಾನುಭವ ಮಾತ್ರ ದ್ವೈತಿಗಳ ಪಂಚಭೇದವನ್ನೇ ಎತ್ತಿಹಿಡಿಯುತ್ತದೆ. ಈಶ್ವರ-ಜೀವ ಭೇದಕ್ಕೆ ಪ್ರಧಾನ ಕಚೇರಿ ಮತ್ತು ಗುಮಾಸ್ತರೇ ಸಾಕ್ಷಿ. ಊಟದ ಹೊತ್ತಿನಲ್ಲಿ ‘ನಮ್ಮವರು’, ‘ಅವರವರು’ ಎಂದು ಮೇಜುಗಳು ಬೇರೆಯಾಗುವುದು ಜೀವ-ಜೀವ ಭೇದ. ಹಳೆಯ ಪಾಸ್‌ವರ್ಡನ್ನು ಕಂಪ್ಯೂಟರ್ ಒಪ್ಪದಿರುವುದು ಜೀವ-ಜಡ ಭೇದ. ಅದೇ ಕಂಪ್ಯೂಟರ್ ಪ್ರಧಾನ ಕಚೇರಿಯ ವರದಿಯಲ್ಲಿ ಸರಾಗವಾಗಿ ಓಡುತ್ತಿರುವುದು ಈಶ್ವರ-ಜಡ ಭೇದ. ಹಳೆಯ ಪಾಸ್‌ಬುಕ್ಕು ಹೊಸ ಪ್ರಿಂಟರಿಗೆ ಒಗ್ಗದಿದ್ದರೆ ಜಡ-ಜಡ ಭೇದವೂ ಸಿದ್ಧಿಸಿತು. ಇನ್ನು, ಮುಕ್ತಿಯಲ್ಲೂ ತಾರತಮ್ಯ ಉಳಿಯುತ್ತದೆಂಬ ಮಧ್ವಸಿದ್ಧಾಂತಕ್ಕೆ ಸೀನಿಯಾರಿಟಿ ಪಟ್ಟಿಗಿಂತ ಬಲವಾದ ಪ್ರಮಾಣ ಬೇಕಿಲ್ಲ.

ಇಲ್ಲೊಂದು ಪೂರ್ವಪಕ್ಷ: ಈ ಭೇದಗಳೆಲ್ಲ ಪ್ರಾರಬ್ಧದ ಶೇಷ, ಕಾಲಕ್ರಮದಲ್ಲಿ ತಾವಾಗಿ ಕರಗುತ್ತವೆ. ಒಪ್ಪಬಹುದು, ಆದರೆ ಎಷ್ಟು ಕಾಲ? ಸಿಂಡಿಕೇಟ್ ಬ್ಯಾಂಕಿನ ಐಎಫ್‌ಎಸ್‌ಸಿ ಕೋಡುಗಳು 2021ರ ಜೂನ್ 30ರವರೆಗೆ ಚಾಲ್ತಿಯಲ್ಲಿದ್ದವು. ಹನ್ನೊಂದು ಅಕ್ಷರಾಂಕಿಗಳ ಒಂದು ಕೋಡಿಗೆ ಹೊಸ ಬಾಳಿಗೆ ಒಗ್ಗಲು ಹದಿನೈದು ತಿಂಗಳು ಬೇಕಾದರೆ, ಸಂಸಾರವೂ ಗೃಹಸಾಲವೂ ಇರುವ ಪ್ರಾಣಿಗೆ ಚಹಾ-ಬಿಸ್ಕತ್ತು ಸಹಿತ ಒಂದು ದಿನದ ಕಾರ್ಯಾಗಾರ ಸಾಕೆಂಬುದು ಯಾವ ಪ್ರಮಾಣದಿಂದ ಸಿದ್ಧ? ಎರಡನೆಯ ಪೂರ್ವಪಕ್ಷ ಪಾಶ್ಚಾತ್ಯರದು: ನೌಕರನು ನಿರಾಕರಣೆ, ಕೋಪ, ಚೌಕಾಸಿ, ಖಿನ್ನತೆಗಳನ್ನು ದಾಟಿ ಸ್ವೀಕಾರವನ್ನು ಮುಟ್ಟುತ್ತಾನೆ, ಸಲಹೆಗಾರರು ಕೈಹಿಡಿದು ದಾಟಿಸಿದರಾಯಿತು. ಎಲಿಸಬೆತ್ ಕುಬ್ಲರ್-ರಾಸ್ 1969ರಲ್ಲಿ ಈ ಐದು ಹಂತಗಳನ್ನು ನಿರೂಪಿಸಿದ್ದು ಸಾವಿನಂಚಿನ ರೋಗಿಗಳನ್ನು ಕುರಿತು. ಅದನ್ನು ವರ್ಗಾವಣೆಯ ಭಯದಲ್ಲಿರುವ ಕ್ಯಾಷಿಯರನಿಗೆ ಅನ್ವಯಿಸುವ ಆಡಳಿತ, ತನ್ನ ಉದ್ದೇಶದ ಬಗ್ಗೆ ತಾನೇ ಅನುಮಾನ ಹುಟ್ಟಿಸುತ್ತದೆ. ಮೇಲಾಗಿ ಕೋಪ ಅವನ ಮನಸ್ಸಿನ ಹಂತವೆಂದುಬಿಟ್ಟರೆ, ಕೋಪಕ್ಕೆ ಕಾರಣವಾದ ಆದೇಶವನ್ನು ಯಾರೂ ಓದಬೇಕಾಗಿಲ್ಲ.

ಆದ್ದರಿಂದ ನಿರ್ಣಯ: ನೌಕರನನ್ನು ಕಾಡುವುದು ಭೇದವಲ್ಲ, ಭೇದವಿಲ್ಲವೆಂಬ ಉಪದೇಶ. ಯಾರ ಸೀನಿಯಾರಿಟಿ ಎಲ್ಲಿ ನಿಲ್ಲುತ್ತದೆ, ಯಾವ ಶಾಖೆ ಮುಚ್ಚುತ್ತದೆ, ಯಾರು ಯಾವ ಊರಿಗೆ ಹೋಗಬೇಕು ಎಂಬುದನ್ನು ಮೊದಲು ನೋಟಿಸ್ ಬೋರ್ಡಿಗೆ ಹಚ್ಚಲಿ. ಐಕ್ಯದ ಸುತ್ತೋಲೆ ಆಮೇಲೆ ಬಂದರೂ ಯಾರ ಕೆಲಸವೂ ನಿಲ್ಲುವುದಿಲ್ಲ.