ಟೋಕನ್‌ಸಂಧಿ ಪ್ರಕರಣ

ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬೀ ನಾಲ್ಕು ಚಿಕಿತ್ಸೆಯ ಪಾದಗಳೆಂದೂ, ಒಂದೊಂದು ಪಾದಕ್ಕೆ ನಾಲ್ಕರಂತೆ 16 ಗುಣಗಳು ಕೂಡಿದಲ್ಲಿ ರೋಗವು ಶಮನವಾಗುವುದೆಂದೂ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಹೇಳಿರುವುದನ್ನು ಬಲ್ಲವರು ಬಲ್ಲರು. ಅಲ್ಲಿ ರೋಗಿಗೆ ವಿಧಿಸಿರುವ ಗುಣಗಳು ಸ್ಮೃತಿ, ಆಜ್ಞಾಪಾಲನೆ, ನಿರ್ಭಯತೆ ಮತ್ತು ತನ್ನ ವ್ಯಾಧಿಯನ್ನು ತಾನೇ ತಿಳಿಯಹೇಳುವ ಶಕ್ತಿ. ಸಂಜೆ ಐದೂವರೆಗೇ ಹೋಗಿ ಡಾಕ್ಟರ ಶಾಪಿನಲ್ಲಿ ಹೆಸರು ಬರೆಸುವ ಶಕ್ತಿಯನ್ನು ಆಚಾರ್ಯರು ಏತಕ್ಕೆ ಕೈಬಿಟ್ಟರೆಂಬುದು ವಿಚಾರಾರ್ಹವಾದುದು. ಆ ಕಾಲಕ್ಕೆ ಕಾಂಪೌಂಡರು ಇರಲಿಲ್ಲವೆಂಬ ಸಮಾಧಾನ ಸಲ್ಲದು. ಪರಿಚಾರಕನ ಗುಣಗಳಲ್ಲಿ ಉಪಚಾರಜ್ಞಾನ, ದಕ್ಷತೆ, ಶುಚಿತ್ವಗಳೊಡನೆ ‘ಭರ್ತೃ’ವಿನಲ್ಲಿ ಅನುರಾಗವೂ ಎಣಿಕೆಗೆ ಬಂದಿದೆ. ಭರ್ತೃವೆಂದರೆ ಇಲ್ಲಿ ರೋಗಿಯೆಂದು ಅರ್ಥಮಾಡುವ ಸಹೃದಯರುಂಟು. ಒಳಕೋಣೆಯಲ್ಲಿ ಕುಳಿತ ಯಜಮಾನರೆಂಬ ಅರ್ಥವೇ ಬೆಂಚಿನ ಮೇಲೆ ಕುಳಿತವರ ಅನುಭವಕ್ಕೆ ಹೊಂದತಕ್ಕದ್ದು.

ಪ್ರಕೃತ ಪ್ರಬಂಧಕ್ಕೆ ಆಧಾರವಾದುದು ಮೈಸೂರಿನ ಒಂದು ಬಡಾವಣೆಯ ಶಾಪಿನಲ್ಲಿ ದೊರೆತ ಏಕೈಕ ಹಸ್ತಪ್ರತಿ: ರಟ್ಟು ಕಿತ್ತುಹೋದ, ಮೂಲೆಗಳು ನಾಯಿಯ ಕಿವಿಯಂತೆ ಮಡಿಸಿಕೊಂಡ ಒಂದು ಉದ್ದನೆಯ ನೋಟುಪುಸ್ತಕ. ಮೇಜಿನ ಮೊಳೆಗೆ ದಾರದಿಂದ ಕಟ್ಟಿದ ಬಾಲ್‌ಪೆನ್ನು ಅದನ್ನು ಮುಟ್ಟುವುದಕ್ಕೆ ಎರಡಂಗುಲ ಸಾಲದಾದುದರಿಂದ, ಬಂದವರೆಲ್ಲರೂ ಪುಸ್ತಕವನ್ನೇ ಪೆನ್ನಿನ ಬಳಿಗೆ ಎಳೆದುಕೊಳ್ಳುವರು. ಅಂಚಿನಲ್ಲಿ 1ರಿಂದ 40ರವರೆಗೆ ಅಂಕಿಗಳನ್ನು ಮೊದಲೇ ಬರೆದಿರುವರು. ಪ್ರತಿದಿನವೂ ಮೊದಲ ಮೂರು ಸಾಲುಗಳು ಖಾಲಿಯಾಗಿರುವುದನ್ನು ಕಂಡು ಲಿಪಿಕಾರನ ಪ್ರಮಾದವೆಂದು ನಾನು ಬಗೆದಿದ್ದೆನು. ‘ಅದು ನಮ್ಮೋರಿಗೆ ಸಾರ್’ ಎಂದು ಕಾಂಪೌಂಡರು ಪಾಠಶುದ್ಧಿ ಮಾಡಿದರು. ಹೆಸರು ಕೇಳಿದರೆ ಕಿವಿಗೆ ಬೀಳದವರನ್ನು ಅವರೇ ‘ಅಜ್ಜಿ, ಮಂಡಿ’ ಎಂದು ಬರೆದುಕೊಳ್ಳುವರು. ನಾಮಕ್ಕಿಂತ ರೋಗವು ಸ್ಥಿರತರವಾದುದೆಂಬ ಸಿದ್ಧಾಂತವು ಇದರಲ್ಲಿ ಅಡಗಿದೆ.

ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞನು 1909ರಲ್ಲಿ, ಟೆಲಿಫೋನ್ ಕರೆಗಳು ಒಂದರ ಹಂಗು ಇನ್ನೊಂದಕ್ಕಿಲ್ಲದೆ ಯದೃಚ್ಛೆಯಿಂದ ಬರುವುವೆಂಬ ಆಧಾರದ ಮೇಲೆ ಸರದಿಯ ಗಣಿತಕ್ಕೆ ತಳಹದಿ ಹಾಕಿದನು. ಒಬ್ಬ ಜ್ವರದವನೊಡನೆ ಅವನ ಹೆಂಡತಿ, ಭಾವಮೈದುನ ಮತ್ತು ‘ಬಂದದ್ದು ಬಂದೆ, ಬಿ.ಪಿ.ನೂ ನೋಡಿಸ್ಕೊಂಡ್ಬಿಡ್ತೀನಿ’ ಎನ್ನುವ ಮಾವ ಬರುವಲ್ಲಿ ಆ ಗಣಿತವು ನಡೆಯದು. ಇಲ್ಲಿ ಬೇಕಾದುದು ವ್ಯಾಕರಣ.

13ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣವನ್ನು ಸಂಧಿಪ್ರಕರಣದಿಂದಲೇ ಆರಂಭಿಸಿರುವುದು ಆಕಸ್ಮಿಕವಲ್ಲ. ಎರಡು ವರ್ಣಗಳು ಎಡೆಯಿಲ್ಲದೆ ಸೇರಿದೆಡೆಯಲ್ಲಿ ಲೋಪವೋ ಆಗಮವೋ ಆದೇಶವೋ ಆಗುವಂತೆ, ಎರಡು ಟೋಕನ್ನುಗಳು ಒಂದೇ ಬೆಂಚಿನಲ್ಲಿ ಸೇರಿದೆಡೆಯಲ್ಲಿಯೂ ಆಗುತ್ತದೆ. ಊರು ಊರು ಸೇರಿ ‘ಊರೂರು’ ಆಗುವಾಗ ಉಕಾರವು ಲೋಪವಾಗುವಂತೆ, ಮೂಲೆಯ ಹೋಟೆಲಿಗೆ ಕಾಫಿಗೆಂದು ಹೋದ 6ನೆಯವರು ಕರೆದಾಗ ಇಲ್ಲದೆ 5ಕ್ಕೆ 7 ಅಂಟಿಕೊಳ್ಳುತ್ತದೆ. ಭೇದವಿಷ್ಟೇ: ಲೋಪವಾದ ಉಕಾರವು ಮೀಸೆ ಒರಸಿಕೊಳ್ಳುತ್ತ ಮರಳಿ ಬಂದು ಜಗಳವಾಡುವುದಿಲ್ಲ. ತಾಯಿಯ ಹೆಸರು ಬರೆಸಿ ಮಗನು ಒಳಹೋಗುವುದು ಆದೇಶ. ಮಳೆಗಾಲದಲ್ಲಿ ಕಕಾರದ ಸ್ಥಾನವನ್ನು ಗಕಾರವು ಹಿಡಿದಂತೆ.

ಆದರೆ ಶಾಪಿನ ಸಂಧಿಗಳಲ್ಲಿ ರಾಜನೆಂದರೆ ಆಗಮವೇ. ‘ಮನೆ’ಗೆ ‘ಇಂದ’ ಸೇರುವಾಗ ಯಾರೂ ಕರೆಯದ ಯಕಾರವು ನಡುವೆ ಬಂದು ಕೂರುತ್ತದಷ್ಟೆ. ಇಲ್ಲಿ ಯಕಾರವು ಟೈ ಕಟ್ಟಿ, ಕಪ್ಪು ಬ್ಯಾಗು ಹಿಡಿದು, ಔಷಧಕಂಪೆನಿಯ ಕಡೆಯಿಂದ ಬರುತ್ತದೆ. ಅದಕ್ಕೆ ಟೋಕನ್ನಿಲ್ಲ, ಮುಗುಳ್ನಗೆಯುಂಟು. ವಕಾರವು ಎಕ್ಸ್‌ರೇ ಲಕೋಟೆ ಹಿಡಿದು ಬಂದು, ‘ಬರೀ ರಿಪೋರ್ಟ್ ತೋರಿಸೋದು, ಎರಡೇ ನಿಮಿಷ’ ಎಂಬ ಮಂತ್ರವನ್ನುಚ್ಚರಿಸಿ ಬಾಗಿಲು ನೂಕುತ್ತದೆ. ಗೋಡೆಯ ಗಡಿಯಾರವನ್ನು ಪ್ರಮಾಣವಾಗಿಟ್ಟುಕೊಂಡು ನಾನು ಅಳೆದಾಗ ಆ ಎರಡು ನಿಮಿಷವು 17 ನಿಮಿಷವಾಯಿತು. ಉಚ್ಚಾರಣೆಯ ಸೌಕರ್ಯಕ್ಕಾಗಿ ಆಗಮವೆನ್ನುವರು ವೈಯಾಕರಣರು. ಯಾರ ಸೌಕರ್ಯಕ್ಕೆಂದು ಆ ಹೊತ್ತು ಇಡೀ ಬೆಂಚೇ ಗಟ್ಟಿಯಾಗಿ ಕೇಳಿತು, ಎಲ್ಲರಿಗಿಂತ ಗಟ್ಟಿಯಾಗಿ 14ನೆಯವನಾದ ನಾನು.

ಬಳಿಕ ಎಂಟು ದಿನಕ್ಕೆ ರಕ್ತಪರೀಕ್ಷೆಯ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಶಾಪಿಗೆ ಹೋದೆನು. ಪುಸ್ತಕದಲ್ಲಿ 31ರವರೆಗೆ ತುಂಬಿತ್ತು. ಬಾಗಿಲ ಪಕ್ಕದಲ್ಲಿ, ಅಂದು 9ನೆಯವರಾಗಿದ್ದ ಮಂಡಿಯ ಅಜ್ಜಿ ಕಾಲು ನೀಡಿ ಕುಳಿತಿದ್ದರು.

‘ನಿಂದು ಎಷ್ಟನೇ ನಂಬರಪ್ಪಾ?’

‘ನಂಬರಿಲ್ಲಮ್ಮಾ, ಬರೀ ರಿಪೋರ್ಟು. ಎರಡೇ ನಿಮಿಷ.’

ಅವರು ನೋಯುವ ಮಂಡಿಯನ್ನು ಎರಡು ಕೈಯಲ್ಲಿಯೂ ಎತ್ತಿ ಮಡಿಸಿಕೊಂಡು ದಾರಿ ಬಿಟ್ಟರು.