ತಾನಾಗಿ ನಡೆಯುವ ಸೈನಿಕ

ನಮ್ಮ ಮನೆಯ ಟಿವಿಯಲ್ಲಿ ಒಬ್ಬ ಸೈನಿಕನಿದ್ದ. ಯಾರೂ ಮುಟ್ಟದಿದ್ದರೂ ಅವನು ಮುಂದಕ್ಕೆ ನಡೆಯುತ್ತಿದ್ದ. ನಡೆದು ನಡೆದು ಯಾವುದೋ ಗೋಡೆಗೆ ಮೂತಿ ತಾಗಿಸಿಕೊಂಡು, ನಿಂತಲ್ಲೇ ಹೆಜ್ಜೆ ಹಾಕುತ್ತಿದ್ದ. ಇದನ್ನು ಮೊದಲು ಕಂಡವರು ನಮ್ಮತ್ತೆ. ಹುಡುಗರಿಬ್ಬರೂ ಊಟಕ್ಕೆ ಎದ್ದು ಹೋಗಿದ್ದರು, ವಿಡಿಯೋ ಗೇಮಿನ ಕಂಟ್ರೋಲರ್ ಸೋಫಾದ ಮೇಲೆ ಅನಾಥವಾಗಿ ಬಿದ್ದಿತ್ತು, ಸೈನಿಕ ಮಾತ್ರ ಡ್ಯೂಟಿ ಮೇಲಿದ್ದ. "ಏನೋ ಸೋಕಿದೆ ಕಣೇ, ಒಂದು ನಿಂಬೆಹಣ್ಣು ನಿವಾಳಿಸಿ ಹಾಕು" ಅಂದರು.

ಹುಡುಗರ ಭಾಷೆಯಲ್ಲಿ ಈ ಸೋಂಕಿಗೆ ಡ್ರಿಫ್ಟ್ ಎಂದು ಹೆಸರು.

ನನಗೆ ಆಶ್ಚರ್ಯವಾದದ್ದು ಸೋಂಕಿನಿಂದಲ್ಲ, ಅದು ತಗುಲಿದ್ದು ಚಿಕ್ಕವನ ಕಂಟ್ರೋಲರಿಗೆ ಎಂಬುದರಿಂದ. ಒಂದೇ ದಿನ, ಒಂದೇ ಅಂಗಡಿಯಲ್ಲಿ ಎರಡು ಕಂಟ್ರೋಲರ್ ತಂದಿದ್ದೆವು. ದೊಡ್ಡವನದು ಕಪ್ಪು, ಚಿಕ್ಕವನದು ಬಿಳಿ. ದೊಡ್ಡವನು ಆಡುವುದು ಫುಟ್‌ಬಾಲ್. ಗೋಲು ಬಿದ್ದರೆ ಕೇರಿಗೆಲ್ಲ ಕೇಳುವಂತೆ ಕೂಗಿ ಕಂಟ್ರೋಲರನ್ನು ಎಸೆಯುತ್ತಾನೆ. ಎಸೆಯುವುದು ಯಾವಾಗಲೂ ಹಾಸಿಗೆಯ ಮೇಲಕ್ಕೇ; ಕೋಪದಲ್ಲೂ ಬೆಲೆಯ ನೆನಪಿರುತ್ತದೆ. ಖಾರ ಮಂಡಕ್ಕಿ ತಿಂದ ಕೈಯಲ್ಲೇ ಆಡುತ್ತಾನಾದ್ದರಿಂದ ಬಟನ್‌ಗಳ ಸುತ್ತ ಒಗ್ಗರಣೆಯ ವಾಸನೆ. ಚಿಕ್ಕವನೋ, ಆಟ ಮುಗಿದ ಮೇಲೆ ಕರ್ಚೀಫಿನಲ್ಲಿ ಒರೆಸಿ ಕಪಾಟಿನಲ್ಲಿ ಇಡುವ ಮಗು. "ತಮ್ಮನ್ನ ನೋಡಿ ಕಲಿ" ಎಂದು ಒಂದು ವರ್ಷ ಭಾಷಣ ಮಾಡಿದ್ದೆ. ಆ ಭಾಷಣವನ್ನೆಲ್ಲ ಈಗ ದೊಡ್ಡವನು ಬಡ್ಡಿ ಸಮೇತ ವಾಪಸ್ ಮಾಡತೊಡಗಿದ.

ಎಸ್.ಪಿ. ರೋಡಿನ ಒಂದು ಸಂದಿಯಲ್ಲಿ ರಿಪೇರಿ ಹುಡುಗ ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, ಹುಣ್ಣು ನೋಡಿದ ವೈದ್ಯನ ಹಾಗೆ ತಲೆಯಾಡಿಸಿದ.

"ಇದು ಹೊಡೆದು ಹೋಗಿದ್ದಲ್ಲ ಮೇಡಂ, ಉಜ್ಜಿ ಹೋಗಿದ್ದು."

ಹೆಬ್ಬೆರಳಿನಲ್ಲಿ ಆಡಿಸುವ ಆ ಅಣಬೆಯಂಥ ಸ್ಟಿಕ್ಕಿನ ಕೆಳಗೆ ಎರಡು ಪುಟ್ಟ ಡಬ್ಬಿಗಳಿರುತ್ತವೆ. ಒಂದು ಎಡಬಲಕ್ಕೆ, ಇನ್ನೊಂದು ಹಿಂದುಮುಂದಕ್ಕೆ. ಪ್ರತಿಯೊಂದರಲ್ಲೂ ಕಾರ್ಬನ್ ಬಳಿದ ಒಂದು ಪಟ್ಟಿ, ಅದರ ಮೇಲೆ ಜಾರುವ ಲೋಹದ ಎಸಳು. ಎಸಳು ಎಲ್ಲಿದೆ ಎನ್ನುವುದರಿಂದ ಸ್ಟಿಕ್ ಎಷ್ಟು ವಾಲಿದೆ ಎಂದು ಯಂತ್ರಕ್ಕೆ ತಿಳಿಯುತ್ತದೆ. ಪಟ್ಟಿ ಸವೆದರೆ ಲೆಕ್ಕ ತಪ್ಪುತ್ತದೆ. ಕೈಬಿಟ್ಟ ಮೇಲೂ "ಸ್ವಲ್ಪ ಮುಂದಕ್ಕೆ ಒತ್ತಿದಾರೆ" ಎಂದು ಭ್ರಮಿಸಿ ಯಂತ್ರ ಸೈನಿಕನನ್ನು ಗೋಡೆಗೆ ಕಳಿಸುತ್ತದೆ.

ಇದು ಕೇಳಿದ್ದೇ ನನಗೆ ಅಪ್ಪನ ರೇಡಿಯೋ ನೆನಪಾಯಿತು. ಅದರ ವಾಲ್ಯೂಮ್ ತಿರುಪಿನೊಳಗೂ ಇಂಥದೇ ಪಟ್ಟಿ. ಪ್ರದೇಶ ಸಮಾಚಾರಕ್ಕೆ ಅಪ್ಪ ಅದನ್ನು ಪ್ರತಿದಿನ ಒಂದೇ ಜಾಗಕ್ಕೆ ತಿರುಗಿಸಿ, ಆಮೇಲೆ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಿದ್ದರು. ಕೆಲವು ವರ್ಷಗಳಲ್ಲಿ ಸರಿಯಾಗಿ ಆ ಜಾಗದಲ್ಲೇ ಕರಕರ ಶುರುವಾಯಿತು. ಅದಕ್ಕಿಂತ ಮೇಲೆ ಕೆಳಗೆ ಎಲ್ಲ ಸ್ವಚ್ಛ. ಅಪ್ಪ ಸಾಧು ಮನುಷ್ಯ, ರೇಡಿಯೋಗೆ ಒಂದು ಪೆಟ್ಟೂ ಕೊಟ್ಟವರಲ್ಲ. ಪೆಟ್ಟು ಕೊಡುತ್ತಿದ್ದವರು ಚಿಕ್ಕಪ್ಪ. ಕೊಟ್ಟಾಗ ಕರಕರ ನಿಲ್ಲುತ್ತಿತ್ತು ಬೇರೆ.

ಚಿಕ್ಕವನ ಆಟದಲ್ಲಿ ಓಡಬೇಕಾದರೆ ಸ್ಟಿಕ್ಕನ್ನು ಪೂರ್ತಿ ಮುಂದಕ್ಕೆ ತಳ್ಳಿ, ಜೊತೆಗೆ ಕೆಳಕ್ಕೂ ಒತ್ತಬೇಕಂತೆ. ಇವನು ಬಾಯಲ್ಲಿ ಒಂದಕ್ಷರ ಆಡದೆ ದಿನಕ್ಕೆ ಎರಡು ತಾಸು ಓಡುತ್ತಲೇ ಇದ್ದ. ಫುಟ್‌ಬಾಲಿನಲ್ಲಿ ಹೆಬ್ಬೆರಳು ಊರೆಲ್ಲ ತಿರುಗುತ್ತದೆ, ಸವೆತ ಹಂಚಿಹೋಗುತ್ತದೆ. ಸಾಲದ್ದಕ್ಕೆ ಹೆಚ್ಚಿನ ಆಟಗಳು ನಡುವಿನಲ್ಲಿ ಒಂದಿಷ್ಟು ಜಾಗವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲ್ಲಿ ಆಗುವ ಸಣ್ಣ ಅಲುಗಾಟ ಅವುಗಳ ಕಿವಿಗೆ ಬೀಳುವುದಿಲ್ಲ. ಡೆಡ್ ಝೋನ್ ಅನ್ನುತ್ತಾರೆ. (ನಮ್ಮ ಯಜಮಾನರಿಗೂ ಇದೆ, ಪೇಪರ್ ಓದುವಾಗ.) ಆ ಜಾಗ ದೊಡ್ಡದಾಗಿರುವ ಆಟದಲ್ಲಿ ಕೆಟ್ಟ ಕಂಟ್ರೋಲರೂ ಗಟ್ಟಿಮುಟ್ಟಾಗಿ ಕಾಣುತ್ತದೆ. ಹಾಗಾಗಿ ದೊಡ್ಡವನು ತೀರಾ ಬೀಗುವ ಹಾಗಿಲ್ಲ.

ಹಾಗೆಂದು ಹೊಡೆದೂ ಬಡಿದೂ ಹಾಳಾಗುವುದೇ ಇಲ್ಲವೆಂದಲ್ಲ. 1983ರಲ್ಲಿ ಕೊನಾಮಿ ಕಂಪನಿಯ ಓಟದ ಆಟವೊಂದು ವಿಡಿಯೋ ಗೇಮ್ ಅಂಗಡಿಗಳಿಗೆ ಬಂದಾಗ, ಬಟನ್ ಎಷ್ಟು ಬೇಗ ಬಡಿದರೆ ಅಷ್ಟು ವೇಗ. ಬೆರಳು ಸಾಲದೆ ಹುಡುಗರು ಸ್ಕೇಲು, ಪೆನ್ಸಿಲು ಹಿಡಿದು ಬಂದರಂತೆ. 2006ರಲ್ಲಿ ನಿಂಟೆಂಡೊ ಗಾಳಿಯಲ್ಲಿ ಬೀಸಿ ಆಡುವ ರಿಮೋಟ್ ತಂದಾಗ, ಬೌಲಿಂಗ್ ಮಾಡಲು ಹೋದವರು ನಿಜವಾಗಿಯೂ ಬೌಲ್ ಮಾಡಿ ಟಿವಿ ಒಡೆದುಕೊಂಡರು. ಕಂಪನಿ ಮಣಿಕಟ್ಟಿನ ದಾರವನ್ನು 0.6 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ದಪ್ಪ ಮಾಡಿತು. ಮನುಷ್ಯನ ಉತ್ಸಾಹಕ್ಕೆ 0.4 ಮಿಲಿಮೀಟರಿನ ತಿದ್ದುಪಡಿ!

ನನಗೆ ಹೆಚ್ಚು ಇಷ್ಟವಾದದ್ದು ಅದೇ ಕಂಪನಿಯ 1996ರ ಯಂತ್ರದ ಕಥೆ. ಅದರ ಪ್ಲಾಸ್ಟಿಕ್ ಕಡ್ಡಿ ಪ್ಲಾಸ್ಟಿಕ್ ಬಟ್ಟಲಿನಲ್ಲಿ ತಿರುಗುತ್ತಿತ್ತು, ಥೇಟ್ ಒರಳುಕಲ್ಲು. ಹಿಟ್ಟೂ ಬೀಳುತ್ತಿತ್ತು, ಬಿಳೀ ಪ್ಲಾಸ್ಟಿಕ್ ಹಿಟ್ಟು. ಮಾರಿಯೋ ಪಾರ್ಟಿ ಎಂಬ ಆಟದಲ್ಲಿ ಕಡ್ಡಿಯನ್ನು ಗರಗರ ತಿರುಗಿಸಬೇಕಿತ್ತು. ಹೆಬ್ಬೆರಳು ಸೋತ ಮಕ್ಕಳು ಅಂಗೈಯಿಂದಲೇ ರುಬ್ಬಿದರು. ಅಂಗೈ ಬೊಬ್ಬೆಯೆದ್ದು, ದೂರು ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್‌ವರೆಗೆ ಹೋಗಿ, 2000ರಲ್ಲಿ ಕಂಪನಿ ಮಕ್ಕಳಿಗೆ ಕೈಗವಸು ಕೊಡಲು ಒಪ್ಪಿಕೊಂಡಿತು. ಅತ್ತೆಗೆ ಹೇಳಿದೆ. "ಒಂದು ಸೇರು ದೋಸೆಹಿಟ್ಟು ರುಬ್ಬಿದಾಗ ನಮಗ್ಯಾರು ಕೈಗವಸು ಕೊಟ್ಟರು?" ಅಂದರು.

ಬಟನ್ ಎಂಬುದು ಹೌದು ಅಥವಾ ಇಲ್ಲ ಎನ್ನುವ ಪ್ರಾಣಿ. ಮೆಲ್ಲಗೆ ಒತ್ತಿದರೂ ಹೌದು, ಜೀವ ಹೋಗುವಂತೆ ಒತ್ತಿದರೂ ಅಷ್ಟೇ ಹೌದು. ಆದರೂ ಪ್ರಾಣಸಂಕಟದಲ್ಲಿ ಎಲ್ಲರೂ ಗಟ್ಟಿಯಾಗಿಯೇ ಒತ್ತುತ್ತಾರೆ. ನನ್ನ ತಮ್ಮ ಹಾಗೆ ಒತ್ತುವವನು, ಅವನದು ಮಾತ್ರ ಮೂಢನಂಬಿಕೆಯಲ್ಲ: 2000ದ ಪ್ಲೇಸ್ಟೇಷನ್ 2ರ ಬಟನ್‌ಗಳು ನಿಜಕ್ಕೂ ಒತ್ತಡ ಅಳೆಯುತ್ತಿದ್ದವು, ಗಟ್ಟಿಯಾಗಿ ಒತ್ತಿದರೆ ಕೆಲವು ಆಟಗಳಲ್ಲಿ ಕಾರು ಜೋರಾಗಿ ಹೋಗುತ್ತಿತ್ತು. 2013ರ ಕಂಟ್ರೋಲರಿನಲ್ಲಿ ಆ ಗುಣ ತೆಗೆದುಹಾಕಿದರು. ತಮ್ಮನ ಹೆಬ್ಬೆರಳಿಗೆ ಆ ಸುತ್ತೋಲೆ ಇನ್ನೂ ತಲುಪಿಲ್ಲ.

ರಿಪೇರಿ ಹುಡುಗ ಹಳೆಯದರ ಜಾಗಕ್ಕೆ ಅಯಸ್ಕಾಂತದ ಸ್ಟಿಕ್ ಹಾಕಿಕೊಟ್ಟ. 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ತತ್ವವಂತೆ. ಅಯಸ್ಕಾಂತ ಎಷ್ಟು ಸರಿಯಿತೆಂದು ದೂರದಿಂದಲೇ ಅಳೆಯುತ್ತದೆ, ಒಂದಕ್ಕೊಂದು ತಾಗುವುದೇ ಇಲ್ಲ, ಉಜ್ಜುವ ಪ್ರಶ್ನೆಯೂ ಇಲ್ಲ. ಸೇಗಾ ಕಂಪನಿಯವರು 1998ರಲ್ಲೇ ತಮ್ಮ ಡ್ರೀಮ್‌ಕಾಸ್ಟ್ ಕಂಟ್ರೋಲರಿಗೆ ಇಂಥದ್ದನ್ನು ಹಾಕಿದ್ದರು. "ಸ್ಪ್ರಿಂಗು, ಕೆಳಗಿನ ಕ್ಲಿಕ್ಕು ಮಾತ್ರ ಹೋಗಬಹುದು. ಯಾರು ಆಡೋದು ಮೇಡಂ, ನೀವಾ?" ಎಂದು ರಿಪೇರಿ ಹುಡುಗ ಕೇಳಿದ. ನನ್ನ ಸ್ಕೂಟರಿನ ಬ್ರೇಕ್ ಶೂ ಯಜಮಾನರ ಸ್ಕೂಟರಿಗಿಂತ ಎರಡು ಪಟ್ಟು ಬೇಗ ಸವೆಯುವುದು ಇವನಿಗೆ ಹೇಗೆ ತಿಳಿಯಿತೋ. "ಬ್ರೇಕ್ ಮೇಲೆ ಬೆರಳಿಟ್ಕೊಂಡೇ ಓಡಿಸ್ತೀರ" ಎಂದು ಮೆಕ್ಯಾನಿಕ್ ಪ್ರತಿ ಸರ್ವೀಸಿಗೂ ಹೇಳುತ್ತಾನೆ. ಎದುರಿಗೆ ಬಸ್ಸುಗಳಿರುವಾಗ ಬೆರಳನ್ನು ಇನ್ನೆಲ್ಲಿಡಲಿ?

ಸಂಜೆ ಚಿಕ್ಕವನು ಪರೀಕ್ಷೆಗೆಂದು ಸೈನಿಕನನ್ನು ಮೈದಾನದ ಮಧ್ಯೆ ನಿಲ್ಲಿಸಿದ. ನಿಂತ. ಐದು ನಿಮಿಷವಾದರೂ ನಿಂತೇ ಇದ್ದ. ಅತ್ತೆ, ಹರಕೆ ತೀರಿದವರ ಹಾಗೆ ಕೈಮುಗಿದರು. "ನೀನೂ ಒಂದ್ಸಲ ಆಡಮ್ಮ" ಎಂದು ಅವನು ಕಂಟ್ರೋಲರ್ ಕೊಟ್ಟ. ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದೆ. ಹಿಂದಿನಿಂದ ಯಾರೋ ಗುಂಡು ಹಾರಿಸಿದರು. ಸೈನಿಕನ ಓಟ ನನಗೇಕೋ ಸಾಲದೆನಿಸಿತು. ಇನ್ನಷ್ಟು ತಳ್ಳಿದೆ, ಹಲ್ಲು ಕಚ್ಚಿದೆ, ಸೋಫಾದಿಂದ ಅರ್ಧ ಎದ್ದೆ.

"ಅಮ್ಮಾ, ಅಷ್ಟೊಂದು ಒತ್ತಬೇಡ" ಎಂದ ಮಗ ಮೆಲ್ಲಗೆ, "ಅವನು ಆಗಲೇ ಓಡ್ತಾ ಇದಾನೆ."