ನಡುಮನೆಯ ಆಂಪ್ಲಿಫೈಯರ್

ನಲವತ್ತಾರನೇ ವಯಸ್ಸಿನಲ್ಲಿ ಗಿಟಾರ್ ಕೊಳ್ಳಲು ಹೊರಟವನಿಗೆ ಬುದ್ಧಿ ಹೇಳುವವರು ಹತ್ತು ಜನ ಸಿಗುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಒಂದನ್ನೇ ತಂದರೆ ಸಾಲದು, ಅದಕ್ಕೊಂದು ಆಂಪ್ಲಿಫೈಯರ್ ಬೇಕು ಎಂದು ಹೇಳುವವರು ಮಾತ್ರ ಒಬ್ಬರೂ ಸಿಗಲಿಲ್ಲ. ಆಂಪ್ ಇಲ್ಲದೆ ಮೀಟಿದರೆ ಅದು ಸೊಳ್ಳೆಪರದೆಗೆ ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಚಿಂಯ್ ಎನ್ನುತ್ತದೆ. ಒಂದು ತಿಂಗಳು ಹಾಗೇ ನುಡಿಸಿದೆ. ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು.

ಅಂಗಡಿಯ ಹುಡುಗ ಕೇಳಿದ ಮೊದಲ ಪ್ರಶ್ನೆ, “ಎಷ್ಟು ವ್ಯಾಟು ಬೇಕು ಸಾರ್?” ನಾನು ಹೆಂಡತಿಯ ಮುಖ ನೋಡಿದೆ. ಬಲ್ಬಿನಿಂದ ಗೀಸರಿನವರೆಗೆ ನಮ್ಮನೆಯ ವ್ಯಾಟಿನ ಖಾತೆ ಅವಳದೇ. ಅಲ್ಲಿದ್ದ ದೊಡ್ಡ ಪೆಟ್ಟಿಗೆಯನ್ನು ತೋರಿಸಿ, “ಇದೆಷ್ಟಪ್ಪ?” ಎಂದಳು.

“85 ಮೇಡಂ.”

“ಅಷ್ಟೇನಾ? ನಮ್ಮನೆ ಮಿಕ್ಸಿನೇ 750 ಇದೆ.”

ಅದು ಫೆಂಡರ್ ಟ್ವಿನ್ ರಿವರ್ಬ್. ಹುಡುಗ ಮರುಮಾತಾಡದೆ ವಾಲ್ಯೂಮನ್ನು ಮೂರಕ್ಕೆ ತಿರುಗಿಸಿ ಒಂದೇ ಒಂದು ಸಲ ಮೀಟಿದ. ಗೋಡೆಗೆ ನೇತುಹಾಕಿದ್ದ ಗಿಟಾರುಗಳೆಲ್ಲ ಒಟ್ಟಿಗೆ ಝುಂ ಎಂದವು. ಮಿಕ್ಸಿಯ ವ್ಯಾಟು ಕಾಯಿ ಅರೆಯುವುದಕ್ಕೆ, ಇದರ ವ್ಯಾಟು ಕಿವಿ ಅರೆಯುವುದಕ್ಕೆ ಎಂದು ನನ್ನವಳಿಗೆ ತಿಳಿಯಿತು.

ಈ ಲೆಕ್ಕವೂ ವಿಚಿತ್ರ. 100 ವ್ಯಾಟಿನದು 10 ವ್ಯಾಟಿನದಕ್ಕಿಂತ ಹತ್ತು ಪಟ್ಟು ಜೋರಲ್ಲ. ಕಿವಿಗೆ ಹೆಚ್ಚುಕಡಿಮೆ ಎರಡರಷ್ಟು, ಅಷ್ಟೆ. ಭಾರಕ್ಕೆ ಮಾತ್ರ ಅಂಥ ರಿಯಾಯಿತಿ ಇಲ್ಲ. ಟ್ವಿನ್ ಸುಮಾರು 29 ಕೆಜಿ, ಅಂದರೆ ತುಂಬಿದ ಗ್ಯಾಸ್ ಸಿಲಿಂಡರಿನಷ್ಟು. ನಮ್ಮದು ಲಿಫ್ಟಿಲ್ಲದ ಎರಡನೇ ಮಹಡಿ. ಸಿಲಿಂಡರ್ ಹೊತ್ತು ತರುವವನು ಬಾಗಿಲಲ್ಲಿ ನಿಂತು ನನ್ನನ್ನು ನೋಡುವ ನೋಟ ನೆನಪಾಯಿತು.

ಇನ್ನು ವಾಲ್ವೋ, ಟ್ರಾನ್ಸಿಸ್ಟರೋ? ವಾಲ್ವ್ ಎಂದೊಡನೆ ನನಗೆ ಅಜ್ಜನ ಮನೆಯ ರೇಡಿಯೊ ನೆನಪಾಗುತ್ತದೆ. ಸ್ವಿಚ್ ಹಾಕಿದ ಮೇಲೆ ಅದು ಒಳಗೊಳಗೇ ಕೆಂಪಗೆ ಕಾದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ವಾರ್ತೆಯ ಮುಖ್ಯಾಂಶ ಮುಗಿದಿರುತ್ತಿತ್ತು. ರೇಡಿಯೊದವರು ವಾಲ್ವನ್ನು ಕೈಬಿಟ್ಟರೂ ಗಿಟಾರಿನವರು ಬಿಡಲಿಲ್ಲ. ತಾಕತ್ತು ಮೀರಿ ದುಡಿಸಿದರೆ ಟ್ರಾನ್ಸಿಸ್ಟರ್ ಕಿರುಚುತ್ತದಂತೆ. ವಾಲ್ವು ಮೆಲ್ಲಗೆ ದನಿ ಒಡೆದುಕೊಂಡು ಹಾಡುತ್ತದಂತೆ. ನಮ್ಮ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡಲು ಶುರುಮಾಡಿತು. ಅಲ್ಲಿಯ ಹಳೇ ವಾಲ್ವುಗಳನ್ನು ಹೊರದೇಶದ ಗಿಟಾರಿನವರು ಇವತ್ತಿಗೂ ಹುಡುಕಿ ಕೊಳ್ಳುತ್ತಾರೆ. ಇಷ್ಟು ಕಿವಿಗೆ ಬಿದ್ದದ್ದೇ ತಡ, ನನ್ನ ನಾಡಾಭಿಮಾನ ವಾಲ್ವಿನ ಕಡೆಗೆ ವಾಲಿತು.

ತೊಡಕೇನೆಂದರೆ, ವಾಲ್ವು ಹಾಡಬೇಕಾದರೆ ವಾಲ್ಯೂಮು ಏರಬೇಕು. ನಮ್ಮ ನಡುಮನೆಯಲ್ಲಿ 85 ವ್ಯಾಟನ್ನು ಒಂದರಿಂದ ಮೇಲೆ ತಿರುಗಿಸಿದರೆ ಮನೆ ಮಾಲೀಕರು ಅಡ್ವಾನ್ಸ್ ವಾಪಸ್ ಕೊಡುತ್ತಾರೆ. “1970ರ ‘ಲೈಲಾ’ ಆಲ್ಬಮ್ಮಿಗೆ ಎರಿಕ್ ಕ್ಲಾಪ್ಟನ್ ನುಡಿಸಿದ್ದು ಫೆಂಡರ್ ಚಾಂಪ್ ಅನ್ನೋ ಪುಟಾಣಿ ಆಂಪಲ್ಲಿ ಸಾರ್” ಎಂದು ಹುಡುಗ ಸಮಾಧಾನ ಹೇಳಿದ. ಕ್ಲಾಪ್ಟನ್ನಿಗೆ ಸಾಕಾದದ್ದು ನನಗೆ ಸಾಲದೆ? 5 ವ್ಯಾಟಿನ ವಾಲ್ವ್ ಆಂಪೊಂದನ್ನು ಟಿಫನ್ ಕ್ಯಾರಿಯರಿನಂತೆ ಕೈಲಿ ಹಿಡಿದು ಮನೆಗೆ ಬಂದೆ.

ಸ್ವಿಚ್ ಹಾಕಿದೆ. ಗುಂಯ್. ಗಿಟಾರ್ ಮುಟ್ಟುವ ಮೊದಲೇ ಗುಂಯ್. ಮುಟ್ಟಿದರೆ ಬೆರಳಿಗೆ ಸಣ್ಣಗೆ ಚುರ್. ವಾಲ್ವಿನ ಸ್ವಭಾವವೇ ಹೀಗಿರಬೇಕೆಂದು ಭಕ್ತಿಯಿಂದ ಸಹಿಸಿಕೊಂಡೆ. ಮೂರನೇ ದಿನ ಕೆಳಗಿನ ಮನೆಯ ಸಂಗೀತದ ಟೀಚರ್ ಮೆಟ್ಟಿಲು ಹತ್ತಿ ಬಂದರು. ನಾನು ತಪ್ಪಾಯಿತು ಎನ್ನುವುದರೊಳಗೆ ಅವರೇ ಶುರುಮಾಡಿದರು:

“ಅಲ್ಲಪ್ಪ, ನಿನ್ನ ತಂಬೂರಿ ಶ್ರುತಿ ಯಾವುದು? ನನ್ನ ಹುಡುಗೀರು ಹಾಡೋದು ಐದು ಮನೆಗೆ. ನಿಂದು ಐದಕ್ಕೂ ಇಲ್ಲ, ಐದೂವರೆಗೂ ಇಲ್ಲ, ಎರಡು ಮನೆ ನಡುವಿನ ಕಾಂಪೌಂಡ್ ಮೇಲೆ ಕೂತಿದೆ. ಸರಳೆ ವರಸೆ ಎಲ್ಲಾ ಅದರ ಹಿಂದೆ ಹೋಗ್ತಾ ಇದೆ.”

ಮಾರನೆಯ ದಿನ ಎಲೆಕ್ಟ್ರಿಷಿಯನ್ ಬಂದು ಪ್ಲಗ್ ಪಾಯಿಂಟ್ ಬಿಚ್ಚಿದ. ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇರಲಿಲ್ಲ. “ಅರ್ತೇ ಇಲ್ವಲ್ಲ ಸಾರ್” ಎಂದ. ನನ್ನ ಸಂಗೀತದ ಬಗ್ಗೆ ಮನೆಯವರು ಇಷ್ಟು ದಿನ ಹೇಳುತ್ತಿದ್ದದ್ದೂ ಅದನ್ನೇ.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಅರ್ತ್ ಸಿಗದೆ ಆ ಮಿಡಿತವೇ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತಿತ್ತು. ಹಾರ್ಮೋನಿಯಮ್ಮಿನ ಲೆಕ್ಕಕ್ಕೆ ತಂದರೆ ಅದು ಬೀಳುವುದು ನಿಜವಾಗಿಯೂ ಐದಕ್ಕೂ ಐದೂವರೆಗೂ ನಡುವೆ. ಟೀಚರ್ ಮೆಟ್ಟಿಲ ಕೆಳಗೆ ಕೂತೇ ನಮ್ಮನೆಯ ವೈರಿಂಗ್ ಪರೀಕ್ಷೆ ಮಾಡಿದ್ದರು.

ಹೊಸ ವೈರು ಎಳೆದ ಮೇಲೆ ಗುಂಯ್ ಅಡಗಿತು. ಸಂಭ್ರಮಕ್ಕೆ ಟೀಚರನ್ನೇ ಕರೆತಂದು ಕೂರಿಸಿ, ಕಾಫಿ ಕೊಟ್ಟು, ಕಲಿತದ್ದನ್ನೆಲ್ಲ ನುಡಿಸಿದೆ. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

“ಶ್ರುತಿ ಸರಿಹೋಯ್ತಪ್ಪ” ಎಂದರು. ಬಾಗಿಲವರೆಗೆ ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತಾ ತಿರುಗಿ ಕೇಳಿದರು: “ಮಿಕ್ಕಿದ್ದಕ್ಕೆ ಯಾವ ಎಲೆಕ್ಟ್ರಿಷಿಯನ್ನ ಕರೆಸ್ತೀಯ?”